ಗೋಡೆ ಕೆರೆದಿದ್ದೀವಿ ಅಂದರೆ ನಂಬಬೇಡಿ

ಮುಂಬೈ ಹತ್ತಿರ ಡೊಂಬಿವಲಿ ಕಡೆ ಹಳೇ ಫ್ಲ್ಯಾಟಿಗೆ ಬಣ್ಣ ಹೊಡೆಸುವವರು ಯಾರಾದರೂ ಇದ್ದರೆ ಓದಿ. ಸಿಟ್ಟಲ್ಲಿ ಬರೀತಿದೀನಿ, ಹೆಚ್ಚುಕಮ್ಮಿ ಆದರೆ ಸಹಿಸಿಕೊಳ್ಳಿ.

ನಮ್ಮದು 1986ರ ಬಿಲ್ಡಿಂಗ್. ಹಾಲ್‌ನ ಗೋಡೆಗೆ ಓಬೀರಾಯನ ಕಾಲದ ಡಿಸ್ಟೆಂಪರ್ ಬಣ್ಣ, ಮುಟ್ಟಿದರೆ ಕೈಗೆ ಪುಡಿ. ಅದರ ಮೇಲೆ ಏನು ಬಳಿದರೂ ನಿಲ್ಲೋದಿಲ್ಲ, ಕೆರೆದು ತೆಗೀಲೇಬೇಕು. ಅಷ್ಟು ನನಗೂ ಗೊತ್ತಿತ್ತು. ಅದಕ್ಕೇ ಘಿಸಾಯಿಗೆ, ಅಂದರೆ ಕೆರೆಯೋದಕ್ಕೆ, ಬೇರೆ ರೇಟ್ ಒಪ್ಪಿದ್ದೆ, ಚದರಡಿಗೆ 6 ರೂಪಾಯಿ, 900 ಚದರಡಿ. ಆಮೇಲೆ ಗೋಡೆ ನುಣುಪಾಗೋಕೆ ಎರಡು ಕೋಟ್ ಪುಟ್ಟಿ ಲೇಪ, ಬಣ್ಣ ಹಿಡಿಯೋಕೆ ಪ್ರೈಮರ್, ಆಮೇಲೆ ಬಣ್ಣ. ಠೇಕೇದಾರ ವಿಜಯಪುರ ಕಡೆಯವ. ಕನ್ನಡ ಕಿವಿಗೆ ಬಿದ್ದದ್ದೇ ನಾನು ಕರಗಿಹೋದೆ, ಇನ್ನೇನು ಹೇಳಲಿ!

"ಧೂಳಿನ್ಯಾಗ ನೀವ್ಯಾಕ ಇರ್ತೀರಿ ಅಕ್ಕಾರ, ಊರಿಗೆ ಹೋಗಿ ಬರ್ರಿ" ಅಂದ. ಹೋದೆವು. ನಾಲ್ಕು ದಿನ ಬಿಟ್ಟು ಬಂದರೆ ಗೋಡೆ ಹಾಲಿನಷ್ಟು ಬಿಳಿ. ಗ್ಯಾಲರಿಯಲ್ಲಿ ವೈಟ್ ಸಿಮೆಂಟ್ ಪುಟ್ಟಿಯ 40 ಕಿಲೋ ಖಾಲಿ ಚೀಲ ಮೂರು. ಜಾಣೆ ನಾನು, ಎಣಿಸಿ ಬೇರೆ ನೋಡಿದೆ.

ಜುಲೈ ಮಳೆಗೆ ಬಾತ್‌ರೂಮಿಗೆ ಹೊಂದಿದ ಗೋಡೆ ಉಬ್ಬಿತು. ಉಗುರಲ್ಲಿ ಎಬ್ಬಿಸಿದೆ. ಹಪ್ಪಳದ ಹಾಗೆ ಅಂಗೈಯಗಲ ಕಳಚಿ ಬಂತು. ಹಿಂದೆ ಏನಿತ್ತು ಗೊತ್ತಾ? ನಮ್ಮ ಅದೇ ಹಳೇ ತಿಳಿಹಸಿರು. ಅದರ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ 2011. ಮಗನ ಎತ್ತರ ಅಳೆದು ನಾನೇ ಬರೆದದ್ದು! ಕೆರೆಯೋದಿರಲಿ, ಒದ್ದೆ ಬಟ್ಟೆ ಕೂಡ ಆಡಿಸಿಲ್ಲ. ಆ ಗೆರೆ ನೋಡುತ್ತ ಎಷ್ಟೊತ್ತು ನಿಂತಿದ್ದೆನೋ. 5,400 ರೂಪಾಯಿ ಕೆರೆದದ್ದಕ್ಕೆ ಕೊಟ್ಟಿದ್ದೆ, ಕೆರೆದದ್ದಕ್ಕೆ!

ಚೂರನ್ನು ನೀರಿಗೆ ಹಾಕಿದರೆ ಕಲಸಿದ ಹಿಟ್ಟಾಯಿತು. ಸಿಮೆಂಟ್ ಪುಟ್ಟಿ ಗಟ್ಟಿಯಾದ ಮೇಲೆ ಹಾಗೆ ಕರಗೋದಿಲ್ಲ. ಇದು ಲಾಂಬಿ, ಚಾಕ್ ಪುಡಿ ಕಲಸಿ ಮಾಡೋ ಪುಟ್ಟಿ. ಚೀಲ ಯಾರ ಮನೇದೋ.

ಫೋಟೋ ಕಳಿಸಿದೆ. "ಮಳಿಗಾಲ ಅಲ್ರೀ ಅಕ್ಕಾರ." ಪೆನ್ಸಿಲ್ ಗೆರೆ ಕಳಿಸಿದೆ. "ಅದೊಂದು ಜಾಗಾ ಹುಡುಗರು ಬಿಟ್ಟಿರಬೇಕ್ರಿ." ಸೋಫಾ ಸರಿಸಿ ಇನ್ನೊಂದು ಕಡೆ ಕಿತ್ತೆ, ಅಲ್ಲೂ ಹಸಿರು. ಆಗ ಬಂದದ್ದು: "ಗ್ಯಾರಂಟಿ ಬಣ್ಣಕ್ಕ ಐತ್ರಿ, ಗ್ವಾಡಿಗಿಲ್ಲ." ಗ್ವಾಡಿಗಿಲ್ಲವಂತೆ! ಆಮೇಲೆ ಫೋನೂ ಇಲ್ಲ.

ಬಾತ್‌ರೂಮಿನ ಸೋರಿಕೆ ಮೊದಲು ಸರಿಮಾಡಿಸಲಿಲ್ಲ, ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಸೋರದ ಗೋಡೆಯೂ ಕಳಚುತ್ತಿದೆಯಲ್ಲ? ಕೆರೆಯುವ ದಿನ ಮನೇಲೇ ಇರಿ. ಬರೀ ಪ್ಲಾಸ್ಟರ್ ಕಣ್ಣಿಗೆ ಬೀಳುವ ತನಕ ಪುಟ್ಟಿ ಮುಟ್ಟಗೊಡಬೇಡಿ, ದುಡ್ಡೂ ಬಿಚ್ಚಬೇಡಿ. ಚೀಲ ನಿಮ್ಮ ಕಣ್ಣೆದುರೇ ಒಡೀಲಿ. ಊರಿನವ, ಭಾಷೆಯವ ಅಂತ ಕರಗಬೇಡಿ.

ಈಗ ಬೇರೆಯವನು ಕೆರೀತಿದಾನೆ. ಎರಡು ದಿನ ಆಯಿತು, ಹಾಲ್‌ನ ಒಂದು ಗೋಡೆ ಇನ್ನೂ ಮುಗಿದಿಲ್ಲ. ಮೊದಲಿನವರು ನಾಲ್ಕು ದಿನಕ್ಕೆ ಇಡೀ ಮನೆ ಮುಗಿಸಿದ್ದರು.