ಒಂದು ಕ್ಯಾಸಿನೊಗೆ ಬರೆದುಕೊಟ್ಟ ಪತ್ರ ಪಕ್ಕದ ಹಡಗಿನಲ್ಲಿ ನಡೆಯುವುದಿಲ್ಲ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಎಷ್ಟೋ ಮನೆಗಳ ದುಡ್ಡು ಪಣಜಿಯ ಕ್ಯಾಸಿನೊಗಳಲ್ಲಿ ಕರಗುತ್ತಿದೆ. ಮನೆಯವರನ್ನು ತಡೆಯಲು ದಾರಿ ಹುಡುಕುವವರಿಗೆ ಯಾರೋ ಒಬ್ಬರು ಹೇಳುವ ಉಪಾಯ ಒಂದಿದೆ: ‘ನನ್ನನ್ನು ಒಳಗೆ ಬಿಡಬೇಡಿ’ ಎಂದು ಆಟಗಾರನೇ ಕ್ಯಾಸಿನೊಗೆ ಬರೆದುಕೊಡುವುದು. ಸೆಲ್ಫ್ ಎಕ್ಸ್‌ಕ್ಲೂಷನ್ ಎನ್ನುತ್ತಾರೆ. ಉಪಾಯ ಕೆಟ್ಟದ್ದಲ್ಲ. ಆದರೆ ಅದನ್ನೇ ನಂಬಿ ಕುಳಿತರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆ ಕಂಡಿದೆ.

ಅಕ್ಕನ ಗಂಡ, ನಮ್ಮ ಭಾವ, ಕಾರವಾರದ ಬೈತಖೋಲ ಬಂದರಿನ ದೋಣಿಗಳಿಗೆ ಮಂಜುಗಡ್ಡೆ ಪೂರೈಸುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕೈಗೆ ಕೆಲಸವಿಲ್ಲ, ಹೊರಗೆ ಮಳೆ, ಜೇಬಿನಲ್ಲಿ ಹಿಂದಿನ ಹಂಗಾಮಿನ ವಸೂಲಿ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ. ಮಧ್ಯಾಹ್ನ ಊಟ ಮುಗಿಸಿ ಹೊರಟವರು ದೀಪ ಹಚ್ಚುವ ಹೊತ್ತಿಗೆ, ಕ್ಯಾಸಿನೊ ಹಡಗುಗಳು ನಿಂತಿರುವ ಪಣಜಿಯ ಮಾಂಡವಿ ನದಿಯ ದಂಡೆಯಲ್ಲಿರುತ್ತಾರೆ. ಊರಿನ ಓಸಿ, ಅಂದರ್ ಬಾಹರ್‌ಗಳಿಗೆ ಪೊಲೀಸರ ಭಯವಾದರೂ ಇದೆ. ಅಲ್ಲಿ ಎಲ್ಲವೂ ಕಾನೂನುಬದ್ಧ, ಮೇಲೆ ಊಟವೂ ಪುಕ್ಕಟೆ.

ಅಕ್ಕನ ಬಳೆಗಳು ಸೊಸೈಟಿಯಲ್ಲಿ ಅಡವು ಬಿದ್ದದ್ದು ಬಯಲಾದ ಮೇಲೆ ಭಾವನವರೇ ಒಪ್ಪಿಕೊಂಡರು. ‘ಬರೆದುಕೊಡುತ್ತೇನೆ, ನೀನೂ ಜೊತೆಗೆ ಬಾ’ ಎಂದರು. ಹೋದೆ. ಆಧಾರ್ ಪ್ರತಿ, ಭಾವಚಿತ್ರ, ಸಹಿ, ಒಂದು ವರ್ಷದ ಅವಧಿ. ಕೌಂಟರಿನ ಹುಡುಗಿ ಬಹಳ ವಿನಯದಿಂದ ‘ಇನ್ನು ಚಿಂತೆ ಬೇಡ ಸಾರ್’ ಎಂದಳು. ಸ್ವೀಕೃತಿ ಪತ್ರ ಕೇಳಿದಾಗ ಮಾತ್ರ ಅದು ಮೇಲಿನವರಿಂದ ಬರುತ್ತದೆ ಎಂದಾಯಿತು. ಇನ್ನೂ ಬರುತ್ತಲೇ ಇದೆ.

ಆ ಮಳೆಗಾಲ ಮುಗಿಯುವುದರೊಳಗೆ ಭಾವ ಇನ್ನೊಂದು ಹಡಗಿನಲ್ಲಿದ್ದರು. ಅದೇ ನದಿ. ಪತ್ರ ಕೊಟ್ಟ ಹಡಗಿನ ದೀಪಗಳು ಆ ಇನ್ನೊಂದರ ಡೆಕ್ಕಿನಿಂದ ಕಾಣುತ್ತವೆ. ಮಂಜುಗಡ್ಡೆ ಯಂತ್ರದ ಬಿಡಿಭಾಗ ತರಲು ಮಡಗಾಂವಿಗೆ ಹೋಗುವುದಾಗಿ ಮನೆಯಲ್ಲಿ ಹೇಳಿದ್ದರು. ಆಮೇಲೆ ವಿಚಾರಿಸಿದಾಗ ತಿಳಿದದ್ದಿಷ್ಟು: ನಾವು ಕೊಟ್ಟ ಕಾಗದ ಆ ಒಂದು ಸಂಸ್ಥೆಯ ಕಪಾಟಿಗೆ ಮಾತ್ರ ಸೇರಿತ್ತು. ಪಕ್ಕದ ಹಡಗಿಗೂ ಹೋಗಿರಲಿಲ್ಲ, ಪಂಚತಾರಾ ಹೋಟೆಲುಗಳ ಕ್ಯಾಸಿನೊಗಳಿಗೂ ಹೋಗಿರಲಿಲ್ಲ. ಹಿನ್ನೀರಿನಂಚಿನ ಗಜನಿ ಗದ್ದೆಯ ಕಟ್ಟೆಗೆ ಒಂದೇ ಕಡೆ ಮಣ್ಣು ಹಾಕಿದರೆ ಉಪ್ಪುನೀರು ಇನ್ನೊಂದು ಕಡೆಯಿಂದ ನುಗ್ಗಿದ ಹಾಗೆ. ಅದಕ್ಕಿಂತ ಸೋಜಿಗವೆಂದರೆ, ‘ಬಿಡಬೇಡಿ’ ಎಂದು ಬರೆಸಿಕೊಂಡವರಿಂದಲೇ ಭಾವನವರ ಮೊಬೈಲಿಗೆ ಹಬ್ಬದ ವಿಶೇಷ ಪ್ರವೇಶದ ಸಂದೇಶ ಬಂದಿತ್ತು! ಬಾಗಿಲಿನವರ ಪಟ್ಟಿಯೇ ಬೇರೆ, ಜಾಹೀರಾತಿನವರ ಪಟ್ಟಿಯೇ ಬೇರೆ.

ನನಗೆ ಸಿಟ್ಟು ಬರುವುದು ಇಲ್ಲಿ. ಗೋವಾದ ಸ್ಥಳೀಯರಿಗೆ 2020ರ ಫೆಬ್ರವರಿ 1ರಿಂದ ಕ್ಯಾಸಿನೊ ಪ್ರವೇಶವಿಲ್ಲ. 21 ವರ್ಷ ತುಂಬದವರನ್ನೂ ಬಿಡುವಂತಿಲ್ಲ. ಅಂದರೆ ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಜನರನ್ನು ವಾಪಸು ಕಳಿಸುವ ಕೆಲಸ ಅವರಿಗೆ ಹೊಸದೇನಲ್ಲ. ಪಣಜಿಯ ವಿಳಾಸ ಕಂಡರೆ ತಡೆಯಬೇಕಾದ ಕಣ್ಣಿಗೆ, ‘ನನ್ನನ್ನು ತಡೆಯಿರಿ’ ಎಂದು ಬೇಡಿಕೊಂಡ ಕಾರವಾರದವನ ಹೆಸರು ಕಾಣಿಸುವುದಿಲ್ಲ. ತಮ್ಮ ಜನರನ್ನು ಗೋವಾ ಕಾಪಾಡಿಕೊಂಡಿತು, ಸಂತೋಷ. ಗಡಿಯಾಚೆಯ ನಾವು ಗಿರಾಕಿಗಳಾಗಿ ಉಳಿದೆವು.

ಇನ್ನು ದಲ್ಲಾಳಿಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎರಡನೆಯ ಹಡಗಿನ ಸುದ್ದಿ ತಿಳಿದು ನಾವು ಕಂಗಾಲಾಗಿದ್ದಾಗ ಪರಿಚಿತರ ಮೂಲಕ ಒಬ್ಬ ಸಿಕ್ಕಿದ. ಕ್ಯಾಸಿನೊಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಕಾರುಗಳ ವ್ಯವಹಾರದವನು. ‘ಎಲ್ಲ ಕ್ಯಾಸಿನೊಗಳ ಕಪ್ಪುಪಟ್ಟಿಗೂ ಒಂದೇ ಸಲಕ್ಕೆ ಹೆಸರು ಸೇರಿಸುತ್ತೇನೆ, ಒಳಗೆ ನನ್ನವರಿದ್ದಾರೆ’ ಎಂದ. ಅಕ್ಕ ಹದಿನೈದು ಸಾವಿರ ರೂಪಾಯಿ ಕೊಟ್ಟಳು, ಜೊತೆಗೆ ಭಾವನವರ ಆಧಾರ್ ಮತ್ತು ಪಾನ್ ಕಾರ್ಡಿನ ಪ್ರತಿಗಳನ್ನೂ ಕೊಟ್ಟಳು. ವಾಟ್ಸ್‌ಆ್ಯಪ್‌ನಲ್ಲಿ ಮೊಹರು ಹಾಕಿದ ಒಂದು ಕಾಗದ ಬಂತು. ಯಾವ ಇಲಾಖೆಯದೆಂದು ಅದರಲ್ಲಿ ಇರಲಿಲ್ಲ, ದಿನಾಂಕವಿರಲಿಲ್ಲ, ಸಹಿ ಮಾತ್ರ ಭರ್ಜರಿಯಾಗಿತ್ತು. ಆ ಕಾಗದ ಬಂದ ಮೇಲೂ ಭಾವ ಸಲೀಸಾಗಿ ಒಳಗೆ ಹೋಗಿ ಬಂದರು. ದುಡ್ಡು ಹೋದದ್ದಕ್ಕಿಂತ ದಾಖಲೆಗಳು ಹೋದದ್ದು ಅಪಾಯ: ಕೆಲವು ವಾರಗಳಲ್ಲಿ ಅವರ ಹೆಸರಿನಲ್ಲಿ ಮೊಬೈಲ್ ಸಾಲಕ್ಕೆ ಅರ್ಜಿ ಬಿದ್ದಿತ್ತು. ಬ್ಯಾಂಕಿನ ಪರಿಚಯಸ್ಥರು ಸಾಲದ ವರದಿ ತೆಗೆಸಿ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹೆಸರು ಸೇರಿಸಲು ದುಡ್ಡು ಕೇಳುವವನು ಯಾರೇ ಆಗಲಿ, ಅವನಿಗೆ ಕಾಗದಪತ್ರ ಕೊಡಬೇಡಿ.

ಎಲ್ಲ ಬಾಗಿಲುಗಳನ್ನೂ ಒಂದೇ ಪಟ್ಟಿಗೆ ಜೋಡಿಸುವುದು ಆಗದ ಕೆಲಸವೇನೂ ಅಲ್ಲ. ಸಿಂಗಪುರದಲ್ಲಿ 2010ರಲ್ಲಿ ತೆರೆದ ಎರಡು ಕ್ಯಾಸಿನೊಗಳಿಗೂ ನಿಷೇಧದ ಆದೇಶ ಒಂದೇ. ಜೂಜಾಡುವವನೇ ಕೇಳಬೇಕೆಂದಿಲ್ಲ, ಹೆಂಡತಿಯೋ ತಂದೆತಾಯಿಯೋ ಅರ್ಜಿ ಹಾಕಬಹುದು. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಆನ್‌ಲೈನ್ ಜೂಜಿನ ಸಂಸ್ಥೆಗಳೆಲ್ಲ 2020ರ ಮಾರ್ಚ್ 31ರಿಂದ ಗ್ಯಾಮ್‌ಸ್ಟಾಪ್ ಎಂಬ ಒಂದೇ ಪಟ್ಟಿಗೆ ಸೇರಲೇಬೇಕು. ಒಮ್ಮೆ ಹೆಸರು ಕೊಟ್ಟರೆ ಕನಿಷ್ಠ ಆರು ತಿಂಗಳು ಹಿಂತೆಗೆದುಕೊಳ್ಳುವಂತಿಲ್ಲ. ಅಲ್ಲಿನ ಬೆಟ್ಟಿಂಗ್ ಅಂಗಡಿಗಳ ಜಂಟಿ ಪಟ್ಟಿ ಇಷ್ಟು ಗಟ್ಟಿಯಲ್ಲ. ಅಂಗಡಿಯವರು ಭಾವಚಿತ್ರ ನೋಡಿ ಮುಖ ನೆನಪಿಟ್ಟುಕೊಳ್ಳಬೇಕು, ಟೋಪಿ ಹಾಕಿಕೊಂಡು ಬಂದವನು ನುಸುಳಬಹುದು. ಪಟ್ಟಿ ಒಂದೇ ಇದ್ದರೆ ಸಾಲದು, ಬಾಗಿಲಲ್ಲಿ ಗುರುತಿನ ಚೀಟಿಯನ್ನು ಅದರೊಡನೆ ತಾಳೆ ನೋಡಬೇಕು.

ನಮ್ಮಲ್ಲಿ ಅದಾಗುವವರೆಗೆ ಬಾಗಿಲು ಕಾಯುವುದಕ್ಕಿಂತ ದುಡ್ಡು ಕಾಯುವುದು ಲೇಸು. ಭಾವನವರ ಒಪ್ಪಿಗೆಯಿಂದಲೇ ಬಂದರಿನ ವಸೂಲಿ ಈಗ ಜಂಟಿ ಖಾತೆಗೆ ಬರುತ್ತದೆ, ಇಬ್ಬರ ಸಹಿ ಇಲ್ಲದೆ ಹೊರಡುವುದಿಲ್ಲ. ಅವರ ಕಾರ್ಡಿನ ಮತ್ತು ಯುಪಿಐನ ದಿನದ ಮಿತಿಯನ್ನು ಡೀಸೆಲ್ ಖರ್ಚಿಗೆ ಸಾಕಾಗುವಷ್ಟಕ್ಕೆ ಇಳಿಸಿದ್ದೇವೆ. ಬಂಗಾರ ಅಮ್ಮನ ಹೆಸರಿನ ಲಾಕರಿನಲ್ಲಿದೆ. ಜಾಹೀರಾತಿನ ಸಂದೇಶ ನಿಲ್ಲಿಸಲು 1909ಕ್ಕೆ ದೂರು ಕೊಟ್ಟೆವು, ಸುಮಾರಾಗಿ ಕಡಿಮೆಯಾಗಿವೆ. ಮೊಬೈಲಿನ ರಮ್ಮಿಯ ಕಾಟ ಮಾತ್ರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನಿನಿಂದ ತಾನಾಗಿಯೇ ತಗ್ಗಿತು. ಕ್ಯಾಸಿನೊಗೆ ಆ ಕಾನೂನು ತಗಲುವುದಿಲ್ಲ.

ಪತ್ರ ಕೊಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಡುವುದಾದರೆ ಹೋಗುವ ಸಾಧ್ಯತೆಯಿರುವ ಪ್ರತಿಯೊಂದು ಕಡೆಗೂ ಬೇರೆಬೇರೆಯಾಗಿ, ಇಮೇಲಿನಲ್ಲಿ ಕೊಡಿ. ಕಳಿಸಿದ್ದಕ್ಕೆ ದಾಖಲೆ ಉಳಿಯುತ್ತದೆ. ಜಾಹೀರಾತು ಪಟ್ಟಿಯಿಂದಲೂ ಮೊಬೈಲ್ ಸಂಖ್ಯೆ ತೆಗೆಯಬೇಕೆಂದು ಅದರಲ್ಲೇ ಬರೆಯಿರಿ. ಆಧಾರ್ ಪ್ರತಿ ಕೇಳಿದರೆ ಅದರ ಮೇಲೆ ‘ಪ್ರವೇಶ ನಿರ್ಬಂಧಕ್ಕಾಗಿ ಮಾತ್ರ’ ಎಂದು ಬರೆದು ದಿನಾಂಕ ಹಾಕಿ.

ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ‘ಬುದ್ಧಿ ಹೇಳಿ ಸರಿಮಾಡುತ್ತೇವೆ’ ಎಂದು ಹಿರಿಯರು ಸಭೆ ಸೇರಿಸಿದ ದಿನ ಭಾವ ತಲೆ ತಗ್ಗಿಸಿ ಎಲ್ಲದಕ್ಕೂ ಹೂಂ ಎಂದಿದ್ದರು, ಅಷ್ಟೇ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರೆದುರು ಕುಳಿತ ಮೇಲೆಯೇ ಸಾಲದ ನಿಜವಾದ ಮೊತ್ತವನ್ನು ಬಾಯಿಬಿಟ್ಟರು. ಅಷ್ಟು ದೂರ ಹೋಗುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು, ಜೂಜಾಡುವವರೇ ಕರೆ ಮಾಡಬೇಕೆಂದೂ ಇಲ್ಲ. ನಮ್ಮ ಮನೆಯಿಂದ ಮೊದಲು ಕರೆ ಮಾಡಿದ್ದು ಅಕ್ಕ.