ಮೂರು ತಟ್ಟೆಯ ಕ್ಯಾನಿಸ್ಟರ್ ಫಿಲ್ಟರ್: ಎರಡು ವರ್ಷ ತೊಳೆದು ಬಳಸಿದ ಮೇಲೆ

ನನ್ನ 120 ಲೀಟರಿನ ಮೀನಿನ ತೊಟ್ಟಿಗೆ ಎರಡು ವರ್ಷಗಳಿಂದ ಮೂರು ತಟ್ಟೆಗಳ ಕ್ಯಾನಿಸ್ಟರ್ ಫಿಲ್ಟರ್ ಒಂದನ್ನು, ಅಂದರೆ ತೊಟ್ಟಿಯ ಹೊರಗಿದ್ದು ಕೊಳವೆಗಳ ಮೂಲಕ ನೀರನ್ನು ಎಳೆದು ಸೋಸುವ ಮುಚ್ಚಿದ ಡಬ್ಬಿಯನ್ನು, ಬಳಸುತ್ತಿದ್ದೇನೆ. ಸುಮಾರು ಆರು ವಾರಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಇದುವರೆಗೆ ಹದಿನಾರೋ ಹದಿನೇಳೋ ಬಾರಿ ಅದನ್ನು ಬಿಚ್ಚಿ ತೊಳೆದಿದ್ದೇನೆ. ಫಿಲ್ಟರ್ ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಅದು ಗಂಟೆಗೆ ಎಷ್ಟು ಲೀಟರ್ ನೀರು ಎತ್ತುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂದು. ನಾನು ಈಗ ಮೊದಲು ನೋಡುವುದು ಬೇರೆಯೇ: ಒಳಗಿನ ಮೀಡಿಯಾವನ್ನು, ಅಂದರೆ ನೀರು ಸೋಸುವ ಸ್ಪಂಜು, ಉಂಗುರ, ನಾರು ಮುಂತಾದವನ್ನು, ಬಿಡಿಬಿಡಿಯಾಗಿ ಹೊರತೆಗೆದು, ಉಳಿಸಬೇಕಾದದ್ದನ್ನು ಉಳಿಸಿಕೊಂಡು, ಎಸೆಯಬೇಕಾದದ್ದನ್ನಷ್ಟೇ ಎಸೆಯಲು ಅದು ಅನುವು ಮಾಡಿಕೊಡುತ್ತದೆಯೇ ಎಂಬುದು. ಈ ಅಳತೆಗೋಲಿನಲ್ಲಿ ಈ ಫಿಲ್ಟರ್ ಬಹುಮಟ್ಟಿಗೆ ಗೆಲ್ಲುತ್ತದೆ. ಅದರ ಜೊತೆ ಬರುವ ಸೂಚನಾ ಪುಸ್ತಿಕೆ ಮಾತ್ರ ಪೂರ್ತಿ ಸೋಲುತ್ತದೆ.

ಇದಕ್ಕೆ ಮೊದಲು ನನ್ನಲ್ಲಿದ್ದದ್ದು ತೊಟ್ಟಿಯ ಅಂಚಿಗೆ ತೂಗುಹಾಕುವ ಚಿಕ್ಕ ಫಿಲ್ಟರ್. ಅದರೊಳಗೆ ಇದ್ದದ್ದು ಒಂದೇ ಒಂದು ಕಾರ್ಟ್ರಿಜ್, ಅಂದರೆ ನೀಲಿ ನಾರಿನ ಒಂದು ಚೀಲ ಮತ್ತು ಅದರ ಹೊಟ್ಟೆಯಲ್ಲಿ ಒಂದು ಹಿಡಿ ಇದ್ದಿಲು. ತಿಂಗಳಿಗೊಮ್ಮೆ ಹಳೆಯದನ್ನು ಎಸೆದು ಹೊಸದನ್ನು ಹಾಕಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ನಾನೂ ತಪ್ಪದೆ ಹಾಗೆಯೇ ಮಾಡುತ್ತಿದ್ದೆ. ಮೊದಲ ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ, ಕಾರ್ಟ್ರಿಜ್ ಬದಲಿಸಿದ ದಿನವೇ ತಳದ ಜಲ್ಲಿಯನ್ನೂ ಚೆನ್ನಾಗಿ ತೊಳೆದಿದ್ದೆ. ಅದಾಗಿ ಮೂರನೆಯ ಬೆಳಿಗ್ಗೆ ಟೆಟ್ರಾ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಆಡಿಸುತ್ತಿದ್ದವು, ಅವುಗಳ ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ನೀರು ಮಾತ್ರ ಕನ್ನಡಿಯಷ್ಟು ತಿಳಿಯಾಗಿತ್ತು. ಅಮೋನಿಯಾ ಪರೀಕ್ಷೆಯ ಕೊಳವೆಯಲ್ಲಿ ಹಳದಿಯಾಗಿಯೇ ಉಳಿಯಬೇಕಿದ್ದ ನೀರು ಐದು ನಿಮಿಷದಲ್ಲಿ ಎಲೆಹಸಿರಿಗೆ ತಿರುಗಿತು. ಕೂಡಲೇ ಅರ್ಧದಷ್ಟು ನೀರು ಬದಲಿಸಿ, ಎರಡು ದಿನ ಆಹಾರವನ್ನೂ ನಿಲ್ಲಿಸಿದೆ. ಆದರೂ ನಾಲ್ಕು ಮೀನುಗಳು ಉಳಿಯಲಿಲ್ಲ.

ಆದದ್ದೇನೆಂದರೆ, ಮೀನುಗಳು ಕಿವಿರಿನ ಮೂಲಕ ಹೊರಬಿಡುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ಬಹಳ ಕಡಿಮೆ. ಅವು ಸ್ಪಂಜು, ಜಲ್ಲಿ, ಗಾಜು, ಕೊಳವೆ ಮುಂತಾದ ಗಟ್ಟಿ ಮೇಲ್ಮೈಗಳಿಗೆ ತೆಳುವಾದ ಲೋಳೆಯ ಪದರವಾಗಿ ಅಂಟಿಕೊಂಡು ಬದುಕುತ್ತವೆ. ತೊಟ್ಟಿಯ ನೀರು ಬದಲಿಸಿದರೆ ಅವು ಹೋಗುವುದಿಲ್ಲ, ಮೀಡಿಯಾ ಎಸೆದರೆ ಹೋಗುತ್ತವೆ. ಮೊದಲ ಎರಡು ಸಲ ಜಲ್ಲಿಯ ಮೇಲಿದ್ದ ಪದರ ನನ್ನ ತಪ್ಪನ್ನು ಮುಚ್ಚಿಹಾಕಿತ್ತು, ಮೂರನೆಯ ಸಲ ಅದನ್ನೂ ನಾನೇ ತೊಳೆದುಬಿಟ್ಟಿದ್ದೆ. ಈ ಜೀವಿಗಳ ಕೆಲಸವನ್ನು 1890ರ ಸುಮಾರಿಗೇ ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟಿದ್ದರು. ಎರಡು ಹಂತಗಳನ್ನೂ ಒಂದೇ ಜೀವಿ ಪೂರೈಸಬಲ್ಲದು, ನೈಟ್ರೋಸ್ಪೈರಾ ಕುಲದಲ್ಲಿ ಅಂಥವು ಇವೆ ಎಂಬುದು 2015ರಲ್ಲಿ ಪ್ರಕಟವಾಯಿತು. ಇವು ಬೆಳೆಯುವುದು ನಿಧಾನ. ಸಂಖ್ಯೆ ಇಮ್ಮಡಿಯಾಗಲು ಹಲವು ಗಂಟೆ, ಅನೇಕ ವೇಳೆ ಒಂದು ದಿನಕ್ಕೂ ಹೆಚ್ಚು ಬೇಕು. ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುವುದು ಈ ಕಾರಣಕ್ಕೇ. ಎಸೆದ ಕಾರ್ಟ್ರಿಜ್ಜಿನ ಜೊತೆ ನಾವು ಆ ಆರು ವಾರಗಳನ್ನೂ ಎಸೆಯುತ್ತಿರುತ್ತೇವೆ.

ಈಗಿನ ಫಿಲ್ಟರಿನಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕೆಳತಟ್ಟೆಯಲ್ಲಿ ಒರಟು ಸ್ಪಂಜು ಮತ್ತು ಅದರ ಮೇಲೆ ನಯವಾದ ಸ್ಪಂಜು, ನಡುವಿನ ತಟ್ಟೆಯಲ್ಲಿ ಸೆರಾಮಿಕ್ ಉಂಗುರಗಳು, ಮೇಲಿನ ತಟ್ಟೆಯಲ್ಲಿ ಬಿಳಿಯ ನಾರಿನ ಹಾಸು ಮತ್ತು ಬೇಕಾದಾಗ ಇದ್ದಿಲಿನ ಚೀಲ. ಕಸ ಹಿಡಿಯುವುದು ಮೊದಲು, ಬ್ಯಾಕ್ಟೀರಿಯಾದ ಕೆಲಸ ಆಮೇಲೆ ಎಂಬ ಈ ಕ್ರಮದಿಂದಾಗಿ ಉಂಗುರಗಳ ಸೂಕ್ಷ್ಮ ರಂಧ್ರಗಳು ಬೇಗ ಕಟ್ಟಿಕೊಳ್ಳುವುದಿಲ್ಲ. ಪ್ರತಿ ತಟ್ಟೆಗೂ ಬೇರೆ ಹಿಡಿಕೆ ಇದೆ. ಆದ್ದರಿಂದ ಸ್ಪಂಜನ್ನು ಹಿಂಡುವ ದಿನ ಉಂಗುರಗಳನ್ನು ಮುಟ್ಟದೆಯೇ ಬಿಡಬಹುದು. ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯುತ್ತಮ ಅಂಶ ಇದೇ.

ತೊಳೆಯುವ ಕೆಲಸವನ್ನು ನಾನು ನೀರು ಬದಲಿಸುವ ದಿನಕ್ಕೆ ಸೇರಿಸಿಕೊಂಡಿದ್ದೇನೆ. ತೊಟ್ಟಿಯಿಂದ ತೆಗೆದ ನೀರು ಹೇಗೂ ಬಕೆಟ್ಟಿನಲ್ಲಿರುತ್ತದೆ, ಅದರಲ್ಲೇ ಸ್ಪಂಜನ್ನು ಮುಳುಗಿಸಿ ಹಿಂಡಬೇಕು. ಮೊದಲ ಹಿಂಡಿಗೆ ಬಕೆಟ್ಟಿನ ನೀರು ಮಳೆಗಾಲದ ಹೊಳೆಯಂತೆ ಕೆಂಗಂದಾಗುತ್ತದೆ, ಎರಡನೆಯದಕ್ಕೆ ಕದಡಿದ ನಾರುಗಳು, ಎಲೆಯ ಚೂರುಗಳು ಕಾಣಿಸಿಕೊಳ್ಳುತ್ತವೆ, ನಾಲ್ಕೈದು ಸಲ ಹಿಂಡಿದ ಮೇಲೆ ಸ್ಪಂಜು ಕೈಯಲ್ಲಿ ಪುಟಿದು ತನ್ನ ಆಕಾರಕ್ಕೆ ಮರಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಹೊಸದರಂತೆ ಕಾಣುವವರೆಗೆ ತಿಕ್ಕಬೇಕೆಂಬ ಆಸೆ ಬರುತ್ತದೆ, ಆದರೆ ಸ್ಪಂಜಿನ ಮೈಯಲ್ಲಿ ಉಳಿಯುವ ಕಂದು ಛಾಯೆ ಮತ್ತು ಸ್ವಲ್ಪ ಜಾರುವ ಸ್ಪರ್ಶವೇ ನಮಗೆ ಬೇಕಾದ ಪದರ. ಅದೇ ವೇಳೆ, ಕೊಳೆಯೆಲ್ಲವೂ ಒಳ್ಳೆಯದೆಂದು ವರ್ಷಗಟ್ಟಲೆ ತೊಳೆಯದೆ ಬಿಡುವವರೂ ಇದ್ದಾರೆ; ಅದೂ ಸರಿಯಲ್ಲ. ರಂಧ್ರಗಳಲ್ಲಿ ಜಮೆಯಾದ ಸಡಿಲ ಕೆಸರು ನೀರಿನ ಹರಿವನ್ನು ತಡೆದು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ತಲುಪದಂತೆ ಮಾಡುತ್ತದೆ, ತಾನೂ ಕೊಳೆತು ನೈಟ್ರೇಟ್ ಹೆಚ್ಚಿಸುತ್ತದೆ. ಅಂಟಿದ್ದು ಇರಲಿ, ಸಡಿಲವಿದ್ದದ್ದು ಹೋಗಲಿ ಎಂಬುದೇ ಕೈಗೆ ಸಿಗುವ ಲೆಕ್ಕ. ಉಂಗುರಗಳಿಗಾದರೆ ತಟ್ಟೆಯನ್ನೇ ಬಕೆಟ್ಟಿನಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಅದ್ದಿ ತೆಗೆದರೆ ಸಾಕು, ಅದೂ ಮೂರು ನಾಲ್ಕು ತಿಂಗಳಿಗೊಮ್ಮೆ.

ಪುಸ್ತಿಕೆಯ ಬಗ್ಗೆ ನನ್ನ ದೂರು ಇಲ್ಲಿಂದ ಶುರುವಾಗುತ್ತದೆ. ಮೀಡಿಯಾವನ್ನು ಹರಿಯುವ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ ಎಂದು ಅದು ಹೇಳುತ್ತದೆ. ನಲ್ಲಿಯ ನೀರಿಗೆ ಕ್ಲೋರಿನ್ ಸೇರಿಸುವುದೇ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ. ಆ ನೀರು ನಮ್ಮ ಬ್ಯಾಕ್ಟೀರಿಯಾಗಳನ್ನು ಬೇರೆ ಮಾಡಿ ನೋಡುವುದಿಲ್ಲ. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂಬುದು ಸಾಮಾನ್ಯವಾಗಿ ನಿಜವಾದರೂ, ಕೆಲವು ಕಡೆ ಕ್ಲೋರಿನ್ ಬದಲು ಬಳಸುವ ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ನಿವಾರಕ ದ್ರಾವಣ ಬೇಕೇ ಬೇಕು. ಪುಸ್ತಿಕೆಯ ಇನ್ನೊಂದು ಸೂಚನೆ ಇದಕ್ಕಿಂತ ಕೆಟ್ಟದ್ದು: ಮೂರು ತಿಂಗಳಿಗೊಮ್ಮೆ ಮೂರೂ ತಟ್ಟೆಗಳ ಮೀಡಿಯಾವನ್ನು ಒಟ್ಟಿಗೆ ಬದಲಿಸಬೇಕಂತೆ. ಅದಕ್ಕೆಂದೇ ಪೂರ್ಣ ಸೆಟ್ಟನ್ನು ಮಾರುತ್ತಾರೆ, ಬಿಡಿಯಾಗಿ ಸ್ಪಂಜು ಕೊಡುವುದಿಲ್ಲ. ಮೊದಲ ಬಾರಿಗೆ ಮೀನು ಸಾಕುವವರು ಈ ಮಾತನ್ನು ನಂಬಿ ನಡೆದರೆ ನನ್ನ ಟೆಟ್ರಾಗಳಿಗೆ ಆದದ್ದೇ ಅವರ ಮೀನುಗಳಿಗೂ ಆದೀತು ಎಂಬ ಚಿಂತೆಯಿಂದಲೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಿಜವಾಗಿ ಆಗಾಗ ಬದಲಿಸಬೇಕಾದದ್ದು ಎರಡೇ. ನಾರಿನ ಹಾಸನ್ನು ಪ್ರತಿ ಸಲವೂ ಎಸೆಯುತ್ತೇನೆ, ಅದು ತೊಳೆದರೆ ಮುದ್ದೆಯಾಗುತ್ತದೆ. ಇದ್ದಿಲು ಮೂರು ನಾಲ್ಕು ವಾರಗಳಲ್ಲಿ ತನ್ನ ಹೀರುವ ಶಕ್ತಿಯನ್ನು ಬಹುತೇಕ ಕಳೆದುಕೊಳ್ಳುತ್ತದೆ, ಹಾಗಾಗಿ ಅದನ್ನು ಸದಾ ಇಟ್ಟುಕೊಳ್ಳುವ ಅಗತ್ಯವನ್ನು ನಾನು ಕಾಣೆ. ಔಷಧಿಯ ಚಿಕಿತ್ಸೆ ಮುಗಿದ ಮೇಲೆ ಉಳಿಕೆಯನ್ನು ತೆಗೆಯಲು, ಅಥವಾ ತೊಟ್ಟಿಯಲ್ಲಿಟ್ಟ ಮರದ ಬೇರು ಬಿಟ್ಟ ಹಳದಿ ಬಣ್ಣವನ್ನು ಕಳೆಯಲು ಅದು ಉತ್ತಮ. ಚಿಕಿತ್ಸೆ ನಡೆಯುತ್ತಿರುವಾಗ ಮಾತ್ರ ಕಡ್ಡಾಯವಾಗಿ ಹೊರಗಿರಬೇಕು, ಇಲ್ಲವಾದರೆ ಔಷಧಿಯನ್ನೇ ಹೀರಿಬಿಡುತ್ತದೆ. ಸೆರಾಮಿಕ್ ಉಂಗುರಗಳು ಒಡೆದು ಪುಡಿಯಾಗುವವರೆಗೂ ನಡೆಯುತ್ತವೆ.

ಸ್ಪಂಜಿಗೂ ಆಯುಷ್ಯ ಇದ್ದೇ ಇದೆ. ಇಪ್ಪತ್ತನೆಯ ತಿಂಗಳಿನ ಹೊತ್ತಿಗೆ ಒರಟು ಸ್ಪಂಜು ಹಿಂಡಿದ ಮೇಲೆ ಪುಟಿಯದೆ ಚಪ್ಪಟೆಯಾಗಿಯೇ ಉಳಿಯತೊಡಗಿತು, ಅಂಚುಗಳು ಉದುರತೊಡಗಿದವು. ಆಗ ಹಾಳೆಯಾಗಿ ಸಿಗುವ, ಇಂಚಿಗೆ 30 ರಂಧ್ರಗಳ ಸ್ಪಂಜನ್ನು ತಟ್ಟೆಯ ಅಳತೆಗೆ ಕತ್ತರಿಸಿ, ಹಳೆಯ ಸ್ಪಂಜಿನ ಅರ್ಧ ಭಾಗದ ಪಕ್ಕದಲ್ಲೇ ಕೂರಿಸಿದೆ. ಹಳೆಯ ಅರ್ಧ ಐದು ವಾರ ಅಲ್ಲೇ ಉಳಿಯಿತು. ಅಷ್ಟು ದಿನ ಉಂಗುರಗಳನ್ನು ಮುಟ್ಟಲಿಲ್ಲ, ಮೊದಲ ವಾರ ಆಹಾರವನ್ನು ಅರ್ಧಕ್ಕೆ ಇಳಿಸಿದೆ. ಎರಡನೆಯ, ನಾಲ್ಕನೆಯ, ಏಳನೆಯ ದಿನ ಪರೀಕ್ಷಿಸಿದಾಗ ಅಮೋನಿಯಾವೂ ನೈಟ್ರೈಟೂ ಸೊನ್ನೆಯಲ್ಲೇ ಇದ್ದವು. ಪ್ರತಿ ಸಲವೂ ಹಳದಿಯಾಗಿಯೇ ಉಳಿದ ಆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಆದ ನೆಮ್ಮದಿ ದೊಡ್ಡದು.

ಹರಿವಿನ ವಿಚಾರ. ಪೆಟ್ಟಿಗೆಯ ಮೇಲೆ ಗಂಟೆಗೆ 700 ಲೀಟರ್ ಎಂದಿದೆ. ಇಂಥ ಅಂಕಿಗಳನ್ನು ಸಾಮಾನ್ಯವಾಗಿ ಮೀಡಿಯಾ ತುಂಬದ ಖಾಲಿ ಫಿಲ್ಟರಿನಲ್ಲಿ ಅಳೆದಿರುತ್ತಾರೆ. ತೊಳೆದ ಕೂಡಲೇ ಹೊರಹರಿವಿನ ಕೊಳವೆಯನ್ನು ಅದು ತೊಟ್ಟಿಯಲ್ಲಿರುವ ಎತ್ತರದಲ್ಲೇ ಹಿಡಿದು ನೋಡಿದರೆ 10 ಲೀಟರಿನ ಬಕೆಟ್ 88 ಸೆಕೆಂಡಿನಲ್ಲಿ ತುಂಬಿತು, ಅಂದರೆ ಗಂಟೆಗೆ ಸುಮಾರು 410 ಲೀಟರ್. ಆರು ವಾರದ ನಂತರ ತೊಳೆಯುವ ಮೊದಲು ಅದೇ ಬಕೆಟ್ಟಿಗೆ 140 ಸೆಕೆಂಡು ಬೇಕಾಯಿತು. ಗಂಟೆಗೆ ತೊಟ್ಟಿಯ ಗಾತ್ರದ ನಾಲ್ಕೈದು ಪಟ್ಟು ನೀರು ಹಾಯಬೇಕೆಂಬ ರೂಢಿಯ ನಿಯಮಕ್ಕೆ ಇದು ಕಡಿಮೆಯೇ, ಆದರೆ ನನ್ನ ತೊಟ್ಟಿಯಲ್ಲಿ ಮೀನುಗಳು ವಿರಳವಾಗಿರುವುದರಿಂದ ಸಾಕಾಗಿದೆ. ತೊಳೆಯುವ ದಿನವನ್ನು ಕ್ಯಾಲೆಂಡರಿಗಿಂತ ಈ ಬಕೆಟ್ಟೇ ಚೆನ್ನಾಗಿ ಹೇಳುತ್ತದೆ ಎಂಬುದು ನನ್ನ ಅನುಭವ.

ಕೊರತೆಗಳನ್ನೂ ಹೇಳಬೇಕು. ತಟ್ಟೆ ಮತ್ತು ಡಬ್ಬಿಯ ಗೋಡೆಯ ನಡುವೆ ಸಂದು ಇದೆ. ಸ್ಪಂಜು ಕಟ್ಟಿಕೊಂಡಾಗ ನೀರು ಆ ಸಂದಿನಲ್ಲಿ ನುಸುಳಿ ಮೀಡಿಯಾವನ್ನು ತಪ್ಪಿಸಿಕೊಂಡು ಹೋಗುತ್ತದೆ. ಸ್ಪಂಜನ್ನು ಅಳತೆಗಿಂತ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ ಇದನ್ನು ಬಹುಪಾಲು ಸರಿಪಡಿಸಿಕೊಂಡೆ. ಮುಚ್ಚಳದ ರಬ್ಬರ್ ಉಂಗುರಕ್ಕೆ ಪ್ರತಿ ಸಲವೂ ಸಿಲಿಕೋನ್ ಗ್ರೀಸ್ ಸವರದಿದ್ದರೆ ನೀರು ಜಿನುಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುವುದರಿಂದ ಅದನ್ನು ಬಳಸಬಾರದು. ನೀರನ್ನು ತಳ್ಳುವ ಪುಟ್ಟ ಚಕ್ರವಾದ ಇಂಪೆಲ್ಲರಿನ ಅಯಸ್ಕಾಂತದ ಸುತ್ತ ಕಟ್ಟುವ ಲೋಳೆಯನ್ನು ಸಣ್ಣ ಬ್ರಷ್ಷಿನಿಂದ ತೆಗೆಯಬೇಕು, ಆದರೆ ಅದರ ತೆಳ್ಳನೆಯ ಸೆರಾಮಿಕ್ ಕಡ್ಡಿ ಬಾಗಿಸಿದರೆ ಮುರಿಯುತ್ತದೆ. ಕರೆಂಟು ಗಂಟೆಗಟ್ಟಲೆ ಹೋದಾಗ ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಮುಗಿದು ನೀರು ಕೆಡುತ್ತದೆ. ಹಾಗಾದಾಗ ಫಿಲ್ಟರನ್ನು ಮತ್ತೆ ಚಾಲೂ ಮಾಡುವ ಮೊದಲು ಒಳಗಿನ ನೀರನ್ನು ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು ಒಳ್ಳೆಯದು. ಇದು ಕ್ಯಾನಿಸ್ಟರ್ ಜಾತಿಗೇ ಇರುವ ದೋಷ, ಈ ಒಂದರದ್ದಲ್ಲ.

ನೂರು ಲೀಟರಿನ ಆಸುಪಾಸಿನ ತೊಟ್ಟಿ ಇದ್ದು, ಪುಸ್ತಿಕೆಯನ್ನು ಬದಿಗಿಡಲು ಸಿದ್ಧರಿರುವವರಿಗೆ ಈ ಫಿಲ್ಟರನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನಲವತ್ತು ಲೀಟರಿಗಿಂತ ಚಿಕ್ಕ ತೊಟ್ಟಿಗೆ ಇಷ್ಟು ದೊಡ್ಡ ಯಂತ್ರ ಬೇಡ. ಗಾಳಿಪಂಪಿಗೆ ಜೋಡಿಸುವ ಜೋಡಿ ಸ್ಪಂಜಿನ ಫಿಲ್ಟರ್ ಒಂದನ್ನು ಹಾಕಿ, ಈ ಸಲ ಎಡಗಡೆಯ ಸ್ಪಂಜು, ಎರಡು ಮೂರು ವಾರ ಬಿಟ್ಟು ಬಲಗಡೆಯದು ಎಂದು ಒಂದೊಂದನ್ನೇ ತೊಟ್ಟಿಯ ನೀರಿನಲ್ಲಿ ಹಿಂಡಿಕೊಂಡು ಹೋದರೆ ಸಾಕು.