"18 ಪರ್ಸೆಂಟ್ ಎಲ್ಲೂ ಇಲ್ಲ" ಅಂದದ್ದನ್ನು ನಂಬಿ ಕೆಟ್ಟೆ

ಗಂಗಾವತಿ ಹತ್ತಿರ ನಮ್ಮದೊಂದು ಪೇವರ್ ಬ್ಲಾಕ್ ಶೆಡ್ ಇದೆ. ಸುತ್ತ ಅಕ್ಕಿ ಗಿರಣಿಗಳು. ಬಾಯ್ಲರಿನ ಹೊಟ್ಟಿನ ಬೂದಿ ಬೇಡ ಅಂದರೂ ಗೇಟಿಗೆ ಬಂದು ಬೀಳುತ್ತೆ. ಸಿಮೆಂಟಿನಲ್ಲಿ ನೂರಕ್ಕೆ 18 ಪಾಲು ಕಡಿಮೆ ಮಾಡಿ ಈ ಬೂದಿ ಹಾಕಿದೆ, ಕಡಿಮೆ ನೀರಿನಲ್ಲೇ ಕಲಸು ಸಡಿಲವಾಗಿಸೋ ಸೂಪರ್‌ಪ್ಲಾಸ್ಟಿಸೈಸರ್ ಅನ್ನೋ ರಾಸಾಯನಿಕ ಸ್ವಲ್ಪ ಸೇರಿಸಿದೆ. ಬ್ಲಾಕ್ ಚೆನ್ನಾಗಿ ಬಂತು. ಪೇಟೆಂಟ್ ಆಸೆ ಹತ್ತಿತು.

ಒಬ್ಬ ಕನ್ಸಲ್ಟೆಂಟ್ ಸಿಕ್ಕರು. "18 ಅನ್ನೋ ಅಂಕಿ ಎಲ್ಲೂ ಇಲ್ಲ ಸರ್, ಪಕ್ಕಾ ಸಿಗುತ್ತೆ" ಅಂದರು. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ, ಎಕ್ಸಾಮಿನೇಶನ್ನಿಗೆ 4,000. ಇವರು ಕಿತ್ತಿದ್ದು ಅದರ ಹತ್ತಾರು ಪಟ್ಟು. ನೋಂದಾಯಿತ ಪೇಟೆಂಟ್ ಏಜೆಂಟ್ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಅಂಥ ಏಜೆಂಟರ ಪಟ್ಟಿ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲೇ ಇದೆ, ನೋಡದಿದ್ದದ್ದು ನನ್ನ ತಪ್ಪು.

ಚೆನ್ನೈ ಪೇಟೆಂಟ್ ಕಚೇರಿಯಿಂದ ಎಫ್‌ಇಆರ್, ಅಂದರೆ ಅರ್ಜಿಯ ಮೊದಲ ಪರಿಶೀಲನಾ ವರದಿ, ಬಂತು. ಎರಡು ಹಳೆಯ ದಾಖಲೆ ಮುಂದಿಟ್ಟಿದ್ದರು. ಮೊದಲನೆಯದರಲ್ಲಿ ಹೊಟ್ಟಿನ ಬೂದಿ 5ರಿಂದ 30 ಪರ್ಸೆಂಟ್. ಎರಡನೆಯದರಲ್ಲಿ ಈ ಬೂದಿ ನೀರು ಕುಡಿಯುತ್ತೆ, ಅದಕ್ಕೆ ಸೂಪರ್‌ಪ್ಲಾಸ್ಟಿಸೈಸರ್ ಹಾಕಿ ಅಂತ ಕಾರಣಸಮೇತ ಬರೆದಿತ್ತು. ಮೊದಲನೆಯದನ್ನು ಓದಿ ಬೂದಿ ಕಲಸಿದವನಿಗೆ ನೀರಿನ ತೊಂದರೆ ಎದುರಾಗಲೇಬೇಕು, ಪರಿಹಾರ ಎರಡನೆಯದರಲ್ಲಿದೆ. ನಮ್ಮ ಮೇಸ್ತ್ರಿಯೂ ಅಷ್ಟು ಮಾಡಿಯಾನು. ಯಾವ ಒಂದು ದಾಖಲೆಯಲ್ಲೂ ನನ್ನ ಪಾಕ ಪೂರ್ತಿ ಇಲ್ಲದ್ದರಿಂದ ಅದು ಹೊಸದು, ಸರಿ. ಆದರೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ) ಕೇಳೋದು ಬೇರೆ: ಆ ಕಸುಬು ಬಲ್ಲವನಿಗೆ ಅದು ತಾನಾಗಿ ಹೊಳೆಯುತ್ತಿತ್ತಾ?

ಹಿಯರಿಂಗಿನಲ್ಲಿ ಕೇಳಿದ್ದು ಒಂದೇ ಮಾತು. "15ರಲ್ಲಿ, 20ರಲ್ಲಿ ಬಾರದ್ದು 18ರಲ್ಲಿ ಏನು ಬಂತು?" ಬೂದಿಯ ಪಾಲಿಗೆ ಬ್ಲಾಕಿನ ಬಲ ಎಷ್ಟು ಅಂತ ತೋರಿಸೋ ನನ್ನ ಗ್ರಾಫ್ ಕೆರೆ ಏರಿಯಂತೆ ನುಣ್ಣಗಿತ್ತು, ಎಲ್ಲೂ ಜಿಗಿತವಿಲ್ಲ. ಅರ್ಜಿ ತಿರಸ್ಕೃತ. ಲೇತಿನಲ್ಲಿ ಪಾತ್ರೆ ಹಿಡಿಯೋ ಸಾಧನದ ಪೇಟೆಂಟನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಬರೀ ವರ್ಕ್‌ಶಾಪ್ ಸುಧಾರಣೆ ಅಂತ ತಳ್ಳಿಹಾಕಿತ್ತಂತೆ. ನನ್ನದೂ ಅದೇ ಜಾತಿ. ಆಮೇಲೆ ಗೂಗಲ್ ಪೇಟೆಂಟ್ಸ್‌ನಲ್ಲಿ ಹುಡುಕಿದರೆ, ಹೊಟ್ಟಿನ ಬೂದಿ ಸಿಮೆಂಟಿಗೆ ಬರ್ಕ್ಲಿಯ ಪಿ. ಕುಮಾರ್ ಮೆಹ್ತಾ 1970ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರು. ಒಂದು ಪೈಸೆ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ಹೊಟ್ಟೆ ಉರಿಸಿದ್ದು ಮಾತ್ರ ಇನ್ನೊಂದು. ಹೆಚ್ಚು ಶಾಖದಲ್ಲಿ ಸುಟ್ಟ ಬೂದಿಯ ಸಿಲಿಕಾ ಹರಳುಗಟ್ಟುತ್ತೆ, ಸಿಮೆಂಟಿನ ಜೊತೆ ಅಷ್ಟಾಗಿ ಕೂಡಲ್ಲ. ನಮ್ಮ ಬಾಯ್ಲರ್ ಬೂದಿ ಅಂಥದ್ದೇ. ಅದನ್ನು ಒಮ್ಮೆ ಸುಣ್ಣದ ತಿಳಿಯಲ್ಲಿ ರಾತ್ರಿಯಿಡೀ ನೆನೆಸಿ ಅರೆದಿದ್ದೆ. ಮಾರನೇ ದಿನ ಅಚ್ಚು ಬಿಡಿಸಿದರೆ ಒಂದು ಅಂಚೂ ಉದುರಲಿಲ್ಲ. ನಾನೇ ಎಣಿಸಿರಲಿಲ್ಲ. ಕನ್ಸಲ್ಟೆಂಟ್ ಸ್ಪೆಸಿಫಿಕೇಶನ್ನಿನಲ್ಲಿ, ಅಂದರೆ ಅರ್ಜಿಯ ಜೊತೆ ಕೊಡೋ ವಿವರಣೆಯಲ್ಲಿ, ಬರೆದದ್ದು: "ಬೂದಿಯನ್ನು ಅರೆಯಬೇಕು." ಸುಣ್ಣದಲ್ಲಿ ನೆನೆಸಿದ ಮಾತೇ ಇಲ್ಲ. ಒಮ್ಮೆ ಸಲ್ಲಿಸಿದ ಸ್ಪೆಸಿಫಿಕೇಶನ್ನಿಗೆ ತಿದ್ದುಪಡಿ ನೆಪದಲ್ಲಿ ಹೊಸ ವಿಷಯ ಸೇರಿಸೋ ಹಾಗಿಲ್ಲ. ಏಜೆಂಟ್ ಹತ್ತಿರ ಹೋಗೋರು ಹಳೆಯ ದಾಖಲೆ ಹೇಳಿದ ಪಾಕವನ್ನೂ ನಿಮ್ಮದನ್ನೂ ಒಟ್ಟಿಗೆ ಎರಕ ಹೊಯ್ದು, ಎರಡರ ರಿಪೋರ್ಟ್ ಹಿಡಿದೇ ಹೋಗಿ.

ಸುಣ್ಣದ ಕಲೆ ಹತ್ತಿದ ಆ ನೋಟ್‌ಬುಕ್ ಹಾಳೆ ಶೆಡ್ಡಿನಲ್ಲೇ ಇದೆ. ಕಳೆದ ವಾರದಿಂದ ಮತ್ತೆ ಎರಕ ಶುರು ಮಾಡಿದ್ದೀನಿ. ನೆನೆಸಿದ ಬೂದಿಯ ಆರು ಬ್ಲಾಕ್, ಪಕ್ಕದಲ್ಲಿ ನೆನೆಸದ್ದರ ಆರು. 28ನೇ ದಿನ ಬಲ ಪರೀಕ್ಷಿಸೋಕೆ ಒಡೆಸಬೇಕು.